ರಕ್ತದಾನದ ಫಾರಂನಲ್ಲಿ ಉಳಿದುಬಿಟ್ಟ ಹಳೇ ಭಯ

ರಕ್ತದಾನ ಶಿಬಿರಕ್ಕೆ ಹೋದವರಿಗೆ ಆ ಫಾರಂ ಗೊತ್ತೇ ಇರುತ್ತದೆ. ಹೆಸರು, ವಯಸ್ಸು, ತೂಕ. ರಾತ್ರಿ ನಿದ್ದೆ ಆಗಿದೆಯಾ, ಬೆಳಿಗ್ಗೆ ತಿಂಡಿ ತಿಂದಿದ್ದೀರಾ, ಕಾಮಾಲೆ ಬಂದಿತ್ತಾ, ಈಚೆಗೆ ಹಚ್ಚೆ ಹಾಕಿಸಿಕೊಂಡಿದ್ದೀರಾ. ಇವುಗಳ ನಡುವೆ ಲೈಂಗಿಕ ಜೀವನದ ಬಗ್ಗೆಯೂ ಒಂದೆರಡು ಪ್ರಶ್ನೆ.

ನಾನು ಮೊದಲ ಸಲ ರಕ್ತ ಕೊಟ್ಟದ್ದು ಒಂದು ಕಾಲೇಜಿನ ಸಭಾಂಗಣದಲ್ಲಿ. ಸಾಲು ಉದ್ದ ಇತ್ತು. ಮೇಜಿನ ಹಿಂದೆ ಕೂತಿದ್ದ ಹುಡುಗ ನನ್ನನ್ನು ಕೇಳದೆಯೇ ಆ ಪ್ರಶ್ನೆಗಳ ಮುಂದೆ ‘ಇಲ್ಲ’, ‘ಇಲ್ಲ’ ಅಂತ ಗುರುತು ಹಾಕಿ ಫಾರಂ ಮುಂದಕ್ಕೆ ತಳ್ಳಿದ. ನನ್ನ ಬೆನ್ನಿಗೇ ಗೆಳೆಯರು ನಿಂತಿದ್ದರು. ಸದ್ಯ, ಕೇಳಲಿಲ್ಲವಲ್ಲ ಅಂತ ಆಗ ಸಮಾಧಾನವೇ ಆಗಿತ್ತು. ಈಗ ಯೋಚಿಸಿದರೆ ಹೊಟ್ಟೆ ತಳಮಳಿಸುತ್ತದೆ. ಆ ಬಾಟಲಿ ಯಾರ ಮೈಗೆ ಹೋಯಿತೋ, ಅವರ ಪರವಾಗಿ ಕೇಳಬೇಕಿದ್ದ ಪ್ರಶ್ನೆಗಳು ಅವು.

ಅಂದರೆ ನನ್ನಂಥವರಿಗೆ ಆ ಪ್ರಶ್ನೆಯೇ ಬರುವುದಿಲ್ಲ. ಇನ್ನು ಕೆಲವರಿಗೆ ಪ್ರಶ್ನೆ ಬರುವ ಮುಂಚೆಯೇ ಬಾಗಿಲು ಮುಚ್ಚಿರುತ್ತದೆ.

2017ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ರಕ್ತ ವರ್ಗಾವಣೆ ಮಂಡಳಿ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಸೇರಿ ರಕ್ತದಾನಿಗಳ ಆಯ್ಕೆಗೆ ಮಾರ್ಗಸೂಚಿ ಹೊರಡಿಸಿದವು. ಅದರಲ್ಲಿ ಹೆಚ್ಚಿನದು ಯಾರೂ ತಕರಾರು ಮಾಡದ ಮಾತುಗಳು. ವಯಸ್ಸು 18ರಿಂದ 65. ತೂಕ ಕನಿಷ್ಠ 45 ಕೆ.ಜಿ. ಹಿಮೋಗ್ಲೋಬಿನ್ 12.5. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಆದರೆ 12 ಮತ್ತು 51ನೇ ಅಂಶಗಳಲ್ಲಿ ಒಂದು ಪಟ್ಟಿ ಇದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು, ಪುರುಷರ ಜೊತೆ ಲೈಂಗಿಕ ಸಂಪರ್ಕ ಇರುವ ಪುರುಷರು, ಲೈಂಗಿಕ ಕಾರ್ಯಕರ್ತೆಯರು, ಸೂಜಿಯಲ್ಲಿ ಮಾದಕವಸ್ತು ತೆಗೆದುಕೊಳ್ಳುವವರು, ಹಲವು ಸಂಗಾತಿಗಳಿರುವವರು. ಇವರೆಲ್ಲ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಅಪಾಯ ಇರುವವರು ಎಂದು ಅಲ್ಲಿ ಬರೆದಿದೆ. ಇವರು ರಕ್ತ ಕೊಡುವಂತಿಲ್ಲ. ಮೂರು ತಿಂಗಳಿಗೋ ವರ್ಷಕ್ಕೋ ಅಲ್ಲ, ಶಾಶ್ವತವಾಗಿ.

ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಕೆಲವು ಸಾಲುಗಳು ಮನುಷ್ಯ ಏನು ಮಾಡುತ್ತಾನೆ ಅನ್ನುವುದರ ಬಗ್ಗೆ ಇವೆ. ‘ಟ್ರಾನ್ಸ್‌ಜೆಂಡರ್’ ಅನ್ನುವುದು ಹಾಗಲ್ಲ. ಅದು ಒಬ್ಬರು ಯಾರು ಅನ್ನುವುದನ್ನು ಹೇಳುತ್ತದೆ, ಅಷ್ಟೇ. ಜೀವನದಲ್ಲಿ ಯಾರನ್ನೂ ಮುಟ್ಟದ ಟ್ರಾನ್ಸ್ ವ್ಯಕ್ತಿಯೂ ಅದರೊಳಗೆ ಬರುತ್ತಾರೆ. ಲೈಂಗಿಕ ಕಾರ್ಯಕರ್ತೆಯ ಹೆಸರಿದೆ, ಅವಳ ಹತ್ತಿರ ಹೋಗುವ ಗಿರಾಕಿಯ ಹೆಸರು ಬೇರೆಯಾಗಿ ಇಲ್ಲ.

ಇಂಥ ಪಟ್ಟಿ ಎಲ್ಲಿಂದ ಬಂತು? ಅದಕ್ಕೆ 1980ರ ದಶಕದ ಅಮೆರಿಕಕ್ಕೆ ಹೋಗಬೇಕು.

1981ರ ಜೂನ್‌ನಲ್ಲಿ ಲಾಸ್ ಏಂಜಲೀಸಿನ ಐವರು ಯುವಕರಿಗೆ ವಿಚಿತ್ರವಾದ ನ್ಯುಮೋನಿಯಾ ಬಂದಿದೆ ಎಂಬ ವರದಿ ಬಂತು. ಐವರೂ ಸಲಿಂಗಿಗಳು. ಆಗ ಕಾಯಿಲೆಗೆ ಹೆಸರೂ ಇರಲಿಲ್ಲ. 1982ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮಗುವಿನ ಸುದ್ದಿ ಹೊರಬಂತು. 20 ತಿಂಗಳ ಕೂಸು. ಹುಟ್ಟಿದಾಗಿನಿಂದ ಅದಕ್ಕೆ ಹಲವು ಸಲ ರಕ್ತ ಕೊಟ್ಟಿದ್ದರು. ಆ ರಕ್ತ ಕೊಟ್ಟವರಲ್ಲಿ ಒಬ್ಬನಿಗೆ ಆಮೇಲೆ ಏಡ್ಸ್ ಬಂದಿತ್ತು. ಕಾಯಿಲೆ ರಕ್ತದಲ್ಲೂ ಹರಡುತ್ತದೆ ಅನ್ನುವ ಅನುಮಾನ ಬಲವಾಯಿತು.

ಆಗ ವೈರಸ್ ಯಾವುದು ಅಂತ ಗೊತ್ತಿರಲಿಲ್ಲ. ಪರೀಕ್ಷೆ ಅನ್ನುವುದೇ ಇರಲಿಲ್ಲ. ವೈದ್ಯರ ಕೈಯಲ್ಲಿ ಇದ್ದದ್ದು ಒಂದೇ ದಾರಿ: ಕಾಯಿಲೆ ಯಾರಲ್ಲಿ ಜಾಸ್ತಿ ಕಾಣುತ್ತಿದೆಯೋ ಅವರು ರಕ್ತ ಕೊಡಬೇಡಿ ಎಂದು ಕೇಳಿಕೊಳ್ಳುವುದು. 1983ರ ಮಾರ್ಚ್‌ನಲ್ಲಿ ಅಮೆರಿಕದ ಆರೋಗ್ಯ ಇಲಾಖೆ ಹಾಗೆ ಕೇಳಿಕೊಂಡಿತು. ಆ ದಿನದ ಮಟ್ಟಿಗೆ ಅದನ್ನು ತಪ್ಪು ಅನ್ನಲಾರೆ. ಏನೂ ಕಾಣದ ಕತ್ತಲೆಯಲ್ಲಿ ಗೋಡೆ ತಡವಿಕೊಂಡು ಹೋಗಲೇಬೇಕಾಗುತ್ತದೆ.

ಯಾಕೆಂದರೆ ಕತ್ತಲೆ ನಿಜಕ್ಕೂ ಭಯಾನಕವಾಗಿತ್ತು. ಹಿಮೋಫಿಲಿಯಾ ಇರುವವರಿಗೆ ಪೆಟ್ಟಾದರೆ ರಕ್ತ ನಿಲ್ಲುವುದಿಲ್ಲ. ಅವರಿಗೆ ಕೊಡುವ ಔಷಧಿಯನ್ನು ಸಾವಿರಾರು ಜನರ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಒಟ್ಟಿಗೆ ಸೇರಿಸಿ ಮಾಡುತ್ತಿದ್ದರು. ಸಾವಿರದಲ್ಲಿ ಒಬ್ಬನ ರಕ್ತದಲ್ಲಿ ಸೋಂಕು ಇದ್ದರೂ ಸಾಕು, ಅಷ್ಟೂ ಔಷಧಿ ವಿಷ. ಬ್ರಿಟನ್ ಈ ಔಷಧಿಯನ್ನು ಅಮೆರಿಕದಿಂದ ತರಿಸುತ್ತಿತ್ತು. ಅಲ್ಲಿ ಜೈಲಿನ ಕೈದಿಗಳಿಗೂ ದುಡ್ಡು ಕೊಟ್ಟು ಪ್ಲಾಸ್ಮಾ ತೆಗೆಯುತ್ತಿದ್ದರು. 2024ರ ಮೇನಲ್ಲಿ ಬ್ರಿಟನ್ನಿನ ವಿಚಾರಣಾ ವರದಿ ಬಂದಾಗ ಲೆಕ್ಕ ಸಿಕ್ಕಿತು. ಕೆಟ್ಟ ರಕ್ತ ಮತ್ತು ರಕ್ತದ ಔಷಧಿಯಿಂದ ಅಲ್ಲಿ 30,000ಕ್ಕೂ ಹೆಚ್ಚು ಜನರಿಗೆ ಎಚ್‌ಐವಿ ಅಥವಾ ಹೆಪಟೈಟಿಸ್ ತಗುಲಿತ್ತು. ಸುಮಾರು 3,000 ಜನ ಸತ್ತಿದ್ದರು. ರಕ್ತದಾನದ ನಿಯಮ ಸಡಿಲಿಸಿ ಅನ್ನುವ ಯಾರೂ ಈ ಲೆಕ್ಕವನ್ನು ಮರೆಯಬಾರದು. ನಾನೂ ಮರೆತು ಬರೆಯುತ್ತಿಲ್ಲ.

1985ರ ಮಾರ್ಚ್‌ನಲ್ಲಿ ಎಲೈಸಾ ಪರೀಕ್ಷೆ ಬಂತು. ರಕ್ತದಲ್ಲಿ ಎಚ್‌ಐವಿ ವಿರುದ್ಧದ ಪ್ರತಿಕಾಯಗಳು ಇವೆಯೇ ಎಂದು ನೋಡುವ ಪರೀಕ್ಷೆ ಅದು. ದೀಪ ಹತ್ತಿತು. ಆದರೆ ವಿಚಿತ್ರ ನೋಡಿ, ಬಾಗಿಲು ಗಟ್ಟಿಯಾಗಿ ಮುಚ್ಚಿಕೊಂಡದ್ದೂ ಅದೇ ವರ್ಷ. 1977ರ ನಂತರ ಒಂದೇ ಒಂದು ಸಲ ಇನ್ನೊಬ್ಬ ಗಂಡಸಿನ ಜೊತೆ ಸಂಪರ್ಕ ಆಗಿದ್ದರೂ ಆ ಗಂಡಸು ರಕ್ತ ಕೊಡುವಂತಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತು. ಜೀವನಪರ್ಯಂತ.

ಅದಕ್ಕೆ ಒಂದು ವೈದ್ಯಕೀಯ ಕಾರಣ ಇತ್ತು. ಸೋಂಕು ತಗುಲಿದ ತಕ್ಷಣ ಪರೀಕ್ಷೆಯಲ್ಲಿ ಕಾಣುವುದಿಲ್ಲ. ನಡುವೆ ಕೆಲವು ದಿನ ರಕ್ತದಲ್ಲಿ ವೈರಸ್ ಇರುತ್ತದೆ, ವರದಿಯಲ್ಲಿ ಇರುವುದಿಲ್ಲ. ಇದಕ್ಕೆ ವಿಂಡೋ ಪೀರಿಯಡ್ ಅನ್ನುತ್ತಾರೆ. ಆಗಿನ ಕಿಟ್‌ಗಳಿಗೆ ಅದು ವಾರಗಟ್ಟಲೆ. ಈಗಿನ ನ್ಯಾಟ್ ಪರೀಕ್ಷೆ ವೈರಸ್‌ನ ಜೀನನ್ನೇ ಹುಡುಕುತ್ತದೆ. ಅದಕ್ಕೆ ಸುಮಾರು 10 ದಿನ ಸಾಕು. ಹಾಗಾದರೆ ಕೇಳಬೇಕಾದದ್ದು ಇತ್ತೀಚಿನ ವಾರಗಳ ಬಗ್ಗೆ ಅಲ್ವಾ? ಇಪ್ಪತ್ತು ವರ್ಷದ ಹಿಂದಿನ ಒಂದು ರಾತ್ರಿಯ ಬಗ್ಗೆ ಅಲ್ಲ.

ಪಟ್ಟಿ ಒಂದು ಸಲ ಶುರುವಾದರೆ ಹೇಗೆ ಬೆಳೆಯುತ್ತದೆ ಅನ್ನುವುದಕ್ಕೆ ಹೈಟಿ ದೇಶದವರ ಕತೆ ಸಾಕ್ಷಿ. 1990ರ ಫೆಬ್ರುವರಿಯಲ್ಲಿ ಎಫ್‌ಡಿಎ ಹೈಟಿಯಿಂದ ಬಂದವರ ಮತ್ತು ಸಹಾರಾದ ದಕ್ಷಿಣದ ಆಫ್ರಿಕಾದಿಂದ ಬಂದವರ ರಕ್ತ ಬೇಡ ಅಂದಿತು. ಅವರೇನು ಮಾಡಿದ್ದರು ಅಂತ ಅಲ್ಲ, ಎಲ್ಲಿ ಹುಟ್ಟಿದರು ಅಂತ. ಏಪ್ರಿಲ್ 20ರಂದು ಹತ್ತಾರು ಸಾವಿರ ಜನ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ದಾಟಿ ಮೆರವಣಿಗೆ ಹೋದರು. ಆ ವರ್ಷ ಮುಗಿಯುವುದರೊಳಗೆ ನಿಯಮ ಹೋಯಿತು. ಸಲಿಂಗಿ ಪುರುಷರ ಮೇಲಿನ ನಿಯಮ ಇನ್ನೂ 25 ವರ್ಷ ಅಲುಗಾಡಲಿಲ್ಲ.

ನಮ್ಮ ದೇಶದಲ್ಲಿ ಕತೆ ಬೇರೆ ದಾರಿ ಹಿಡಿಯಿತು. 1986ರಲ್ಲಿ ಮದ್ರಾಸಿನಲ್ಲಿ ಮೊದಲ ಎಚ್‌ಐವಿ ಸೋಂಕು ಪತ್ತೆಯಾಯಿತು. ದಾನದ ರಕ್ತಕ್ಕೆ ಎಚ್‌ಐವಿ ಪರೀಕ್ಷೆ 1989ರಲ್ಲಿ ಕಡ್ಡಾಯವಾಯಿತು. ಆದರೆ ನಮ್ಮಲ್ಲಿ ದೊಡ್ಡ ಅಪಾಯ ದುಡ್ಡಿನಲ್ಲಿತ್ತು. ಆಗ ರಕ್ತ ಮಾರುವ ವಸ್ತು. ಹೊಟ್ಟೆಗಿಲ್ಲದವರು, ಕುಡಿತಕ್ಕೆ ಬಿದ್ದವರು ಮತ್ತೆ ಮತ್ತೆ ಬಂದು ರಕ್ತ ಕೊಟ್ಟು ದುಡ್ಡು ತೆಗೆದುಕೊಂಡು ಹೋಗುತ್ತಿದ್ದರು. ದುಡ್ಡು ಬೇಕಾದವನು ಕಾಯಿಲೆ ಮುಚ್ಚಿಡುತ್ತಾನೆ. ದೇಶದ 1,018 ರಕ್ತನಿಧಿಗಳಲ್ಲಿ 616ಕ್ಕೆ ಲೈಸೆನ್ಸೇ ಇರಲಿಲ್ಲ ಎಂಬ ಅಂಕಿ ಸುಪ್ರೀಂ ಕೋರ್ಟಿನ ಮುಂದೆ ಬಂತು.

ಎಚ್.ಡಿ. ಶೌರಿಯವರ ಕಾಮನ್ ಕಾಸ್ ಸಂಸ್ಥೆ ಹೂಡಿದ್ದ ಆ ಪ್ರಕರಣದಲ್ಲಿ 1996ರ ಜನವರಿ 4ರಂದು ತೀರ್ಪು ಬಂತು. ರಾಷ್ಟ್ರೀಯ ರಕ್ತ ವರ್ಗಾವಣೆ ಮಂಡಳಿ ಹುಟ್ಟಿದ್ದೇ ಆ ತೀರ್ಪಿನಿಂದ. 1998ರ ಜನವರಿ 1ರಿಂದ ರಕ್ತ ಮಾರುವುದು ನಿಂತಿತು. ಈ ತೀರ್ಪಿನ ಬಗ್ಗೆ ನನಗೆ ತುಂಬ ಗೌರವ. ಅದು ರಿಕ್ಷಾ ಎಳೆಯುವವರ ರಕ್ತ ಬೇಡ ಅನ್ನಲಿಲ್ಲ. ಬಡವರ ರಕ್ತ ಬೇಡ ಅನ್ನಲಿಲ್ಲ. ಮಾರುವ ಕೆಲಸವನ್ನು ನಿಲ್ಲಿಸಿತು. ಅದೇ ಬಡವ ದುಡ್ಡು ತೆಗೆದುಕೊಳ್ಳದೆ ಬಂದರೆ ಅವನೂ ದಾನಿಯೇ.

ಅದೇ ಮಂಡಳಿ 21 ವರ್ಷ ಆದ ಮೇಲೆ ಈ ಪಟ್ಟಿ ಬರೆಯಿತು. ಅಷ್ಟರಲ್ಲಿ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಗುರುತನ್ನು ಒಪ್ಪಿ ಮೂರು ವರ್ಷ ಕಳೆದಿತ್ತು. ಮುಂದಿನ ವರ್ಷವೇ, 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1 ಮೀಸಲಾತಿ ಕೊಟ್ಟಿತು. ಆದರೂ ಆ ಮೀಸಲಾತಿಯಲ್ಲಿ ಕೆಲಸಕ್ಕೆ ಸೇರಿದವರು ಕಚೇರಿಯಲ್ಲಿ ರಕ್ತದಾನ ಶಿಬಿರ ನಡೆದರೆ ಹೊರಗೆ ನಿಲ್ಲಬೇಕು.

ಹೊರಗೆ ನಿಲ್ಲುವುದು ಬರೀ ಮಾನದ ಪ್ರಶ್ನೆಯೂ ಅಲ್ಲ. ಆಸ್ಪತ್ರೆಯಲ್ಲಿ ಆಪರೇಷನ್‌ಗೆ ರಕ್ತ ಬೇಕಾದರೆ ‘ನಿಮ್ಮ ಕಡೆಯಿಂದ ಇಬ್ಬರನ್ನು ಕರೆತನ್ನಿ’ ಅನ್ನುವುದು ನಮ್ಮಲ್ಲಿ ಇವತ್ತಿಗೂ ನಡೆಯುತ್ತದೆ. ನಮ್ಮ ಕಡೆಯವರು ಅಂದರೆ ಅಣ್ಣ, ಭಾವ, ಪಕ್ಕದ ಮನೆ ಹುಡುಗ. ಮನೆಯಿಂದ ಹೊರಬಿದ್ದ ಹಿಜ್ರಾಗೆ ಯಾರು? ಬೆಂಗಳೂರಿನ ಹಮಾಮ್‌ಗಳಲ್ಲಿ, ಅಂದರೆ ಹಿಜ್ರಾಗಳು ನಡೆಸುವ ಸ್ನಾನದ ಮನೆಗಳಲ್ಲಿ, ಗುರು, ಚೇಲಾ (ಶಿಷ್ಯೆ), ಗುರುಭಾಯಿ (ಒಂದೇ ಗುರುವಿನ ಶಿಷ್ಯೆ) ಅಂತ ಒಟ್ಟಿಗೆ ಬದುಕುವವರೇ ಅವರ ಸಂಸಾರ. ಗುರು ಮಂಚದ ಮೇಲೆ ಮಲಗಿದರೆ ಓಡಿ ಬರುವ ಹತ್ತು ಚೇಲಾಗಳಲ್ಲಿ ಒಬ್ಬರ ತೋಳೂ ಈ ನಿಯಮದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಮಣಿಪುರದ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಸಾಂತಾ ಖುರೈ ಮಾರ್ಗಸೂಚಿಯ 12 ಮತ್ತು 51ನೇ ಅಂಶಗಳನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2021ರ ಮಾರ್ಚ್‌ನಲ್ಲಿ ಕೋರ್ಟು ಕೇಂದ್ರಕ್ಕೆ ನೋಟಿಸ್ ಕೊಟ್ಟಿತು. ನಿಯಮಕ್ಕೆ ತಡೆ ಸಿಗಲಿಲ್ಲ. ಇದು ತಜ್ಞರು ವೈಜ್ಞಾನಿಕ ಆಧಾರದ ಮೇಲೆ ಮಾಡಿದ ನಿರ್ಧಾರ, ಒಬ್ಬರ ಹಕ್ಕಿಗಿಂತ ರಕ್ತ ಪಡೆಯುವವರ ಸುರಕ್ಷತೆ ದೊಡ್ಡದು ಎಂದು 2023ರಲ್ಲಿ ಕೇಂದ್ರ ಉತ್ತರ ಕೊಟ್ಟಿತು.

ಆ ವಾದದಲ್ಲಿ ಹುರುಳಿಲ್ಲ ಅನ್ನಲಾಗದು. ರಕ್ತ ಕೊಡುವುದು ಯಾರ ಹಕ್ಕೂ ಅಲ್ಲ, ಒಳ್ಳೆಯ ರಕ್ತ ಸಿಗುವುದು ರೋಗಿಯ ಹಕ್ಕು. ಥಲಸ್ಸೀಮಿಯಾ ಅನ್ನುವ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇರುವ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಬೇಕು. ಗುಜರಾತಿನ ಜುನಾಗಢದಲ್ಲಿ 2011ರಲ್ಲಿ ಅಂಥ 23 ಮಕ್ಕಳಲ್ಲಿ ಎಚ್‌ಐವಿ ಪತ್ತೆಯಾಗಿತ್ತು. ನ್ಯಾಟ್ ಪರೀಕ್ಷೆ ನಮ್ಮ ಎಲ್ಲ ರಕ್ತನಿಧಿಗಳಲ್ಲೂ ಇಲ್ಲ, ಕಡ್ಡಾಯವೂ ಅಲ್ಲ. ಅಂಕಿಗಳೂ ಸುಳ್ಳಲ್ಲ. 2021ರ ನ್ಯಾಕೋ ಸಮೀಕ್ಷೆಯಲ್ಲಿ ಎಚ್‌ಐವಿ ಪ್ರಮಾಣ ವಯಸ್ಕರಲ್ಲಿ ಒಟ್ಟಾರೆ ಶೇ 0.21, ಪುರುಷರ ಜೊತೆ ಸಂಪರ್ಕ ಇರುವ ಪುರುಷರಲ್ಲಿ ಶೇ 3.26, ಹಿಜ್ರಾ ಮತ್ತು ಟ್ರಾನ್ಸ್‌ಜೆಂಡರ್ ಸಮುದಾಯದಲ್ಲಿ ಶೇ 3.78.

ಇಷ್ಟು ವ್ಯತ್ಯಾಸ ಇರುವಾಗ ಎಚ್ಚರಿಕೆ ಬೇಕೇ ಬೇಕು. ಆದರೆ ಅದೇ ಅಂಕಿಯನ್ನು ತಿರುಗಿಸಿ ಓದಿದರೆ 100ರಲ್ಲಿ 96 ಜನಕ್ಕೆ ಸೋಂಕು ಇಲ್ಲ. ಆ 96 ಜನರನ್ನು ಉಳಿದವರಿಂದ ಬೇರೆ ಮಾಡಲು ಈ ನಿಯಮ ಪ್ರಯತ್ನವನ್ನೇ ಮಾಡುವುದಿಲ್ಲ. ಇನ್ನೊಂದು ಕಡೆ, ಹೆಂಡತಿ ಮಕ್ಕಳಿರುವ ಗಂಡಸು ಹೋದ ವಾರ ಎಲ್ಲಿಗೆ ಹೋಗಿದ್ದ ಅನ್ನುವುದು ಗದ್ದಲದ ಸಭಾಂಗಣದಲ್ಲಿ ಹೊರಬರುವುದಿಲ್ಲ. ಹಲವು ಸಂಗಾತಿಗಳಿರುವವರು ಕೊಡುವಂತಿಲ್ಲ ಅಂತ ನಿಯಮವೇನೋ ಹೇಳುತ್ತದೆ. ಕೇಳದೆಯೇ ‘ಇಲ್ಲ’ ಅಂತ ಗುರುತು ಹಾಕಿದರೆ ಆ ನಿಯಮ ಇದ್ದೇನು, ಬಿಟ್ಟೇನು? ರೋಗಿಗೆ ನಿಜವಾದ ಅಪಾಯ ಈ ತೂತಿನಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ.

ಬೇರೆ ದೇಶಗಳು ಈ ತೂತು ಮುಚ್ಚಲು ಪ್ರಶ್ನೆಯನ್ನೇ ಬದಲಿಸಿದವು. ಇಟಲಿ 2001ರಲ್ಲೇ ಪ್ರತಿ ದಾನಿಯ ನಡವಳಿಕೆ ನೋಡುವ ಪದ್ಧತಿಗೆ ಬಂತು. ಸೋಂಕು ಸಿಕ್ಕ ದಾನಿಗಳಲ್ಲಿ ಸಲಿಂಗಿ ಪುರುಷರ ಪಾಲು ಅದರಿಂದ ಏರಿತೇ ಎಂದು ಆಮೇಲೆ ನೋಡಿದಾಗ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಬ್ರಿಟನ್ ಜೀವನಪರ್ಯಂತದ ನಿಷೇಧವನ್ನು 2011ರಲ್ಲಿ ಒಂದು ವರ್ಷಕ್ಕೆ, 2017ರಲ್ಲಿ ಮೂರು ತಿಂಗಳಿಗೆ ಇಳಿಸಿ, 2021ರ ಜೂನ್‌ನಲ್ಲಿ ಪೂರ್ತಿ ಬಿಟ್ಟಿತು. ಕೆನಡಾ 2022ರಲ್ಲಿ ಬಿಟ್ಟಿತು. ಅಮೆರಿಕ 2015ರಲ್ಲಿ ಒಂದು ವರ್ಷ, ಕೋವಿಡ್‌ನಲ್ಲಿ ರಕ್ತದ ಕೊರತೆಯಾದಾಗ ಮೂರು ತಿಂಗಳು, 2023ರ ಮೇನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ. ಈಗ ಅಲ್ಲಿ ಗಂಡು, ಹೆಣ್ಣು, ಸಲಿಂಗಿ, ಮದುವೆಯಾದವರು ಎಲ್ಲರನ್ನೂ ಕೇಳುವುದು ಇದನ್ನೇ: ಕಳೆದ ಮೂರು ತಿಂಗಳಲ್ಲಿ ಹೊಸ ಸಂಗಾತಿ ಅಥವಾ ಒಬ್ಬರಿಗಿಂತ ಹೆಚ್ಚು ಸಂಗಾತಿ ಇದ್ದರಾ? ಇದ್ದರೆ ಗುದಸಂಭೋಗ ಆಗಿದೆಯಾ? ಹೌದಾದರೆ ಮೂರು ತಿಂಗಳು ಬಿಟ್ಟು ಬನ್ನಿ. ಸಲಿಂಗಿ ದಂಪತಿ ಒಬ್ಬರಿಗೊಬ್ಬರು ನಿಷ್ಠರಾಗಿದ್ದರೆ ರಕ್ತ ಕೊಡಬಹುದು. ಹೋದ ತಿಂಗಳು ಹೊಸ ಸಂಬಂಧ ಶುರುಮಾಡಿ ಗುದಸಂಭೋಗ ಮಾಡಿದ ಗಂಡು ಹೆಣ್ಣಿನ ಜೋಡಿ ಕಾಯಬೇಕು. ಹೀಗೆ ಕೇಳಿದಾಗ ಹಿಂದೆ ಒಳಗೆ ಬರುತ್ತಿದ್ದ ಕೆಲವರು ಹೊರಗೆ ಉಳಿಯುತ್ತಾರೆ. ಸುರಕ್ಷತೆ ಬಿಗಿಯಾಗುವುದು ಹಾಗೆ.

2025ರ ಮೇ 14ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಸೂರ್ಯಕಾಂತ್ ಮತ್ತು ಎನ್. ಕೋಟೀಶ್ವರ್ ಸಿಂಗ್ ಅವರ ಪೀಠ ಇದೇ ಮಾತನ್ನು ಎತ್ತಿತು. ಇಡೀ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೇ ಅಪಾಯದವರು ಅನ್ನುವ ಹಣೆಪಟ್ಟಿ ಹಚ್ಚಿದಂತೆ ಆಗುವುದಿಲ್ಲವೇ ಎಂದು ಕೇಳಿತು. ಸುರಕ್ಷತೆಯನ್ನು ಬಿಟ್ಟುಕೊಡದೆ ಈ ಕಳಂಕ ತೆಗೆಯುವ ದಾರಿ ಇದೆಯೇ ಎಂದು ತಜ್ಞರನ್ನು ಕೇಳಿ ಬನ್ನಿ ಎಂದು ಕೇಂದ್ರಕ್ಕೆ ಹೇಳಿತು.

ದಾರಿಗೆ ನ್ಯಾಟ್ ಯಂತ್ರಗಳು ಬೇಕು, ಅದಕ್ಕೆ ದುಡ್ಡು ಬೇಕು, ಸಮಯ ಹಿಡಿಯುತ್ತದೆ. ಆದರೆ ಒಂದು ಕೆಲಸಕ್ಕೆ ಕೋರ್ಟೂ ಬೇಡ, ಯಂತ್ರವೂ ಬೇಡ. ಮುಂದಿನ ಆಗಸ್ಟ್ 15ಕ್ಕೋ ರಾಜ್ಯೋತ್ಸವಕ್ಕೋ ಶಿಬಿರ ಮಾಡುವವರು ಬಿಸ್ಕತ್ತು, ಜ್ಯೂಸು ತರುವಾಗ ಒಂದು ಪರದೆಯನ್ನೂ ಬಾಡಿಗೆಗೆ ತನ್ನಿ. ಅದರ ಹಿಂದೆ ಎರಡು ಕುರ್ಚಿ ಹಾಕಿ. ಬಂದ ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಒಳಗೆ ಕೂರಿಸಿ, ಮೆಲ್ಲಗೆ, ಆ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿ.