ಟೆಲಿಮ್ಯಾಟಿಕ್ಸ್: ಕಾರು ಯಾರಿಗೆ ಏನು ಹೇಳುತ್ತದೆ?

ಟೆಲಿಮ್ಯಾಟಿಕ್ಸ್ ಅಂದರೆ ಕಾರಿನೊಳಗಿನ ಸುದ್ದಿಯನ್ನು ದೂರದ ಕಂಪ್ಯೂಟರಿಗೆ ಮುಟ್ಟಿಸುವ ಏರ್ಪಾಡು. ಪದ ಹುಟ್ಟಿದ್ದು ಫ್ರಾನ್ಸಿನಲ್ಲಿ. ಫೋನ್ ಜಾಲವೂ ಕಂಪ್ಯೂಟರೂ ಒಂದಾಗುವುದಕ್ಕೆ ಸಿಮೋನ್ ನೋರಾ ಮತ್ತು ಅಲೆನ್ ಮಿಂಕ್ ಎಂಬಿಬ್ಬರು ಅಲ್ಲಿನ ಸರ್ಕಾರಕ್ಕೆ ಬರೆದ 1978ರ ತಮ್ಮ ವರದಿಯಲ್ಲಿ ಈ ಹೆಸರಿಟ್ಟರು. ಈಗ ಅದು ಹೆಚ್ಚಾಗಿ ವಾಹನಗಳಿಗೇ ಅಂಟಿಕೊಂಡಿದೆ.

ಕಾರಿನಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಸಿಮ್ ಇದೆ, ಜಿಪಿಎಸ್ ಇದೆ. ವೇಗ, ಬ್ರೇಕ್, ಸೀಟ್ ಬೆಲ್ಟ್, ಗಾಡಿ ಎಲ್ಲಿ ಎಷ್ಟು ಹೊತ್ತು ನಿಂತಿತ್ತು, ಇಂಥದ್ದೆಲ್ಲ ಅದಕ್ಕೆ ಸಿಗುತ್ತದೆ. ಸಿಮ್ ಕಾರಿನದೇ ಆದ್ದರಿಂದ ನಿಮ್ಮ ಫೋನ್ ಆಫ್ ಮಾಡಿದರೂ ಅದರ ಕೆಲಸ ನಿಲ್ಲುವುದಿಲ್ಲ. ಇದನ್ನು ಕಾರಿನ ಬ್ಲ್ಯಾಕ್ ಬಾಕ್ಸ್ ಜೊತೆ ಬೆರೆಸಬೇಡಿ. ಬ್ಲ್ಯಾಕ್ ಬಾಕ್ಸ್ ಅಪಘಾತದ ಆಸುಪಾಸಿನ ಕೆಲವೇ ಸೆಕೆಂಡುಗಳನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆ, ಟೆಲಿಮ್ಯಾಟಿಕ್ಸ್ ಹೊರಗೆ ಕಳಿಸುತ್ತದೆ.

ಇದರಿಂದ ಉಪಯೋಗ ಇಲ್ಲವೇ? ಖಂಡಿತ ಇದೆ. ಯುರೋಪ್ ಒಕ್ಕೂಟದಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆ ಇ-ಕಾಲ್ ಕಡ್ಡಾಯ. ದೊಡ್ಡ ಅಪಘಾತವಾದರೆ ಕಾರೇ 112ಕ್ಕೆ ಕರೆ ಮಾಡಿ, ತಾನು ಎಲ್ಲಿದ್ದೇನೆ ಅಂತ ತಿಳಿಸುತ್ತದೆ. ಆದರೆ ಉಳಿದ ಹೊತ್ತಿನಲ್ಲಿ ಅದು ಕಾರಿನ ಜಾಡು ಹಿಡಿಯುವಂತಿಲ್ಲ ಅಂತ ನಿಯಮವೇ ಇದೆ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. "ನಿಮ್ಮ ಸುರಕ್ಷತೆಗಾಗಿ" ಅಂತ ಹೇಳಿ ದಿನವಿಡೀ ಮಾಹಿತಿ ಎಳೆದುಕೊಳ್ಳುವವರಿಗೆ ಇದೇ ಉತ್ತರ ಅಲ್ವಾ?

ಹಾಗೆ ಎಳೆದುಕೊಂಡಿದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಅಮೆರಿಕದ ಜನರಲ್ ಮೋಟಾರ್ಸ್ ಪ್ರಕರಣ ನೋಡಿ. ಅದರ ಕಾರುಗಳಲ್ಲಿರುವ ಆನ್‌ಸ್ಟಾರ್ ಎಂಬ ಟೆಲಿಮ್ಯಾಟಿಕ್ಸ್ ಸೇವೆಯ 'ಸ್ಮಾರ್ಟ್ ಡ್ರೈವರ್' ಎಂಬ ಸೌಲಭ್ಯದ ಮೂಲಕ ಯಾರು ಜೋರಾಗಿ ಬ್ರೇಕ್ ಹಾಕಿದರು, ಯಾರು ವೇಗ ಮೀರಿದರು, ಯಾರು ತಡರಾತ್ರಿ ಓಡಿಸಿದರು ಅನ್ನುವುದೆಲ್ಲ ಲೆಕ್ಸಿಸ್‌ನೆಕ್ಸಿಸ್, ವೆರಿಸ್ಕ್ ಎಂಬ ಮಾಹಿತಿ ಕಂಪನಿಗಳಿಗೆ ಹೋಗಿ, ಅಲ್ಲಿಂದ ವಿಮೆ ಕಂಪನಿಗಳ ಕೈ ಸೇರುತ್ತಿತ್ತು ಅಂತ 2024ರಲ್ಲಿ ಬಯಲಾಯಿತು. ಕೆಲವರಿಗೆ ವಿಮೆ ಕಂತು ಏರಿದ ಮೇಲೆಯೇ ವಿಷಯ ಗೊತ್ತಾದದ್ದು. ಕಾರು ಎಲ್ಲಿದೆ ಅನ್ನುವುದನ್ನು 3 ಸೆಕೆಂಡಿಗೊಮ್ಮೆ ಕೂಡ ದಾಖಲಿಸುತ್ತಿದ್ದರು ಅಂತ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಆರೋಪಿಸಿತು. ಯೋಚಿಸಿ, ಮಗು ಅಡ್ಡ ಬಂತು ಅಂತ ನೀವು ಜೋರಾಗಿ ಬ್ರೇಕ್ ಹಾಕಿರಬಹುದು. ದಾಖಲೆಯಲ್ಲಿ ಬ್ರೇಕ್ ಇರುತ್ತದೆ, ಮಗು ಇರುವುದಿಲ್ಲ.

ಮಾರದೆ ಸುಮ್ನೆ ಇಟ್ಟುಕೊಂಡರೂ ಅಪಾಯವೇ. ಫೋಕ್ಸ್‌ವ್ಯಾಗನ್ ಗುಂಪಿನ ಸುಮಾರು 8 ಲಕ್ಷ ಎಲೆಕ್ಟ್ರಿಕ್ ಕಾರುಗಳ ಮಾಹಿತಿಗೆ ಸರಿಯಾದ ಕಾವಲಿರಲಿಲ್ಲ ಅಂತ 2024ರ ಡಿಸೆಂಬರ್‌ನಲ್ಲಿ ಗೊತ್ತಾಯಿತು. ಅದರಲ್ಲಿ ಎಷ್ಟೋ ಕಾರುಗಳು ನಿಂತ ಜಾಗವೂ ಇತ್ತು. ಹೆಸರೇ ಬೇಡ, ರಾತ್ರಿ ಕಾರು ನಿಲ್ಲುವ ಜಾಗ ಮನೆ, ಹಗಲು ನಿಲ್ಲುವ ಜಾಗ ಕಚೇರಿ, ವಾರಕ್ಕೊಮ್ಮೆ ಒಂದೇ ಆಸ್ಪತ್ರೆಯ ಮುಂದೆ ನಿಂತರೆ ಅದೂ ಒಂದು ಸುದ್ದಿ.

ಒಪ್ಪಿಗೆ ಕೊಟ್ಟಿದ್ದೀರಲ್ಲ ಅಂತಾರೆ. ಕಾರಿನ ಪರದೆ ಮೇಲೆ ಬಂದ ಉದ್ದನೆಯ ಷರತ್ತಿಗೆ ಓಕೆ ಒತ್ತಿದ್ದು ಮಾಲೀಕರು, ಹಿಂದಿನ ಸೀಟಿನಲ್ಲಿ ಕೂತವರನ್ನು ಯಾರೂ ಕೇಳಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಮಾಹಿತಿ ಹಂಚಿಕೆ ಅನ್ನುವ ಕಡೆ ಒಮ್ಮೆ ಇಣುಕಿ, ಬೇಡದ್ದನ್ನು ಆಫ್ ಮಾಡಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡರೆ ಹಳೇ ಮಾಲೀಕರ ಖಾತೆ ತೆಗೆಸಿದ್ದಾರಾ ಅಂತ ಮೊದಲು ಕೇಳಿ. ತೆಗೆಸದಿದ್ದರೆ ನಿಮ್ಮ ಕಾರು ಎಲ್ಲಿದೆ ಅನ್ನುವುದು ಅವರ ಫೋನಿನ ಆ್ಯಪ್‌ನಲ್ಲಿ ಕಾಣುತ್ತಲೇ ಇರಬಹುದು.