ದೊರೆಸಾನಿಯರ ಚಿತ್ರ: ನಕಲಿನ ಪೇಟೆ ಇಂದಿನದಲ್ಲ

1662ರ ಅಕ್ಟೋಬರ್ 20ರಂದು ಲಂಡನ್ನಿನ ನೌಕಾ ಕಚೇರಿಯ ಅಧಿಕಾರಿ ಸ್ಯಾಮ್ಯುಯಲ್ ಪೀಪ್ಸ್, ಚಿತ್ರಕಾರ ಪೀಟರ್ ಲೆಲಿಯ ಮನೆಗೆ ಹೋಗಿದ್ದ. ಅಲ್ಲಿ ಲೇಡಿ ಕ್ಯಾಸಲ್‌ಮೇನ್ ಚಿತ್ರ ಕಣ್ಣಿಗೆ ಬಿತ್ತು. ಆಕೆಯ ಸ್ವಂತ ಹೆಸರು ಬಾರ್ಬರಾ ವಿಲಿಯರ್ಸ್, ದೊರೆ ಎರಡನೇ ಚಾರ್ಲ್ಸ್‌ನ ಪ್ರೇಯಸಿ. ಇದರದೊಂದು ನಕಲು ನನಗೆ ಬೇಕೇ ಬೇಕು ಅಂತ ಪೀಪ್ಸ್ ಡೈರಿಯಲ್ಲಿ ಬರೆದುಕೊಂಡ. ಅವನು ಆಸೆಪಟ್ಟಿದ್ದೇ ನಕಲಿಗೆ, ಅದರಲ್ಲಿ ಅವನಿಗೆ ಯಾವ ನಾಚಿಕೆಯೂ ಇರಲಿಲ್ಲ. ನಾಲ್ಕು ವರ್ಷದ ಮೇಲೆ ಆಕೆಯ ಅಚ್ಚಿನ ಚಿತ್ರ ಮಾರಾಟಕ್ಕೆ ಬಂದಾಗ ಒಂದಲ್ಲ, ಮೂರು ಪ್ರತಿ ಕೊಂಡ.

ಇವತ್ತು ಇಂಥ ದೊರೆಸಾನಿಯರ, ಕೈಯಿಂದಲೇ ಬರೆದ ತೈಲಚಿತ್ರಗಳನ್ನು ಆನ್‌ಲೈನಿನಲ್ಲಿ ಆರ್ಡರ್ ಮಾಡಬಹುದು. ಅಳತೆ ಹೇಳಿದರೆ ಸಾಕು, ಸುರುಳಿ ಸುತ್ತಿ ಕಳಿಸುತ್ತಾರೆ. ಕಲೆ ಬಲ್ಲವರು ಇದನ್ನು ಕಂಡು ಮೂಗು ಮುರಿಯುತ್ತಾರೆ. ಆದರೆ ಆ ಚಿತ್ರಗಳು ಹುಟ್ಟಿದ ಕಾಲದಲ್ಲೇ ನಕಲು ಅನ್ನೋದು ಕಸುಬಿನ ಅರ್ಧ ಭಾಗ ಆಗಿತ್ತು.

ಕಾರಣ ಸರಳ. ಫೋಟೊ ಇರಲಿಲ್ಲ. ಮಗಳ ಮುಖ ತವರಿಗೂ ಬೇಕು, ಗಂಡನ ಮನೆಗೂ ಬೇಕು. ಹೆಣ್ಣು ನೋಡುವ ಶಾಸ್ತ್ರ ಕೂಡ ಚಿತ್ರದಲ್ಲೇ ನಡೆಯುತ್ತಿತ್ತು. ಸ್ಪೇನಿನ ರಾಜಕುಮಾರಿ ಮಾರ್ಗರೀಟಾ ತೆರೇಸಾಳನ್ನು ಆಕೆಯ ಸೋದರಮಾವ, ವಿಯೆನ್ನಾದ ರಾಜಮನೆತನದ ಲಿಯೊಪೋಲ್ಡ್‌ಗೆ ಕೊಡುವ ಮಾತಿತ್ತು. ಹಾಗಾಗಿ ಮಗು ಬೆಳೆದಂತೆ ಸ್ಪೇನಿನ ಆಸ್ಥಾನ ಚಿತ್ರಕಾರ ವೆಲಾಸ್ಕೆಸ್ ಬರೆದ ಚಿತ್ರಗಳು ವಿಯೆನ್ನಾಕ್ಕೆ ಹೋಗುತ್ತಿದ್ದವು. ಗುಲಾಬಿ ಉಡುಪಿನದು, ಬಿಳಿಯದು, 1659ರ ನೀಲಿಯದು, ಮೂರೂ ಇಂದಿಗೂ ಅಲ್ಲಿನ ಮ್ಯೂಸಿಯಮ್ಮಿನಲ್ಲಿವೆ. 1666ರಲ್ಲಿ ಮದುವೆಯಾಯಿತು. 21ನೇ ವಯಸ್ಸಿಗೆ ಆಕೆ ತೀರಿಕೊಂಡಳು.

ಇಷ್ಟು ಬೇಡಿಕೆಯನ್ನು ಒಂದು ಜೋಡಿ ಕೈ ಪೂರೈಸೋದು ಹೇಗೆ? ಲೆಲಿಗಿಂತ ಮೊದಲು ಲಂಡನ್ನಿನಲ್ಲಿ ಮೆರೆದ ವ್ಯಾನ್ ಡೈಕ್ ಇದಕ್ಕೆ ದಾರಿ ಹುಡುಕಿದ್ದ. ಅವನಿಗೆ ಪರಿಚಯವಿದ್ದ ಬ್ಯಾಂಕರ್ ಜಬಾಖ್ ಹೇಳಿದ ಪ್ರಕಾರ, ಒಬ್ಬರಿಗೆ ಒಂದು ಸಲಕ್ಕೆ ಒಂದೇ ಗಂಟೆ. ಗಂಟೆ ಮುಗಿದರೆ ಎದ್ದು ನಮಸ್ಕಾರ ಹೇಳುತ್ತಿದ್ದ. ಆಮೇಲೆ ಬೂದು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ನಿಲುವು ಗೀಚಿ ಸಹಾಯಕರಿಗೆ ಕೊಡುತ್ತಿದ್ದ. ದೊರೆಸಾನಿ ತನ್ನ ಉಡುಪನ್ನು ಕಳಿಸಿಕೊಡುತ್ತಿದ್ದಳು, ಹುಡುಗರು ಅದನ್ನು ನೋಡಿ ಬಟ್ಟೆ ಬರೆಯುತ್ತಿದ್ದರು. ಕೈಬೆರಳಿಗೆ ಸಂಬಳದ ಮಾಡೆಲ್‌ಗಳಿದ್ದರು. ಹಾಗಾಗಿ ವ್ಯಾನ್ ಡೈಕ್ ಚಿತ್ರದಲ್ಲಿ ನೀಳ ಬೆರಳು ಕಂಡರೆ ಅದು ಆ ದೊರೆಸಾನಿಯದೇ ಅಂತ ನಂಬಬೇಡಿ.

ಲೆಲಿ ಇದನ್ನು ಇನ್ನೂ ಅಚ್ಚುಕಟ್ಟು ಮಾಡಿದ. ಅವನ ಸ್ಟುಡಿಯೋದಲ್ಲಿ ನಿಲುವುಗಳಿಗೆ ನಂಬರ್ ಇದ್ದವು. ಮುಖ ಅವನ ಪಾಲು. ಬಟ್ಟೆ, ಬಂಡೆ, ಗಿಡ, ಪರದೆ ಸಹಾಯಕರ ಪಾಲು. ಅವನ ಹೆಂಗಸರು ತೊಟ್ಟಿರೋದು ಅಂದಿನ ಫ್ಯಾಷನ್ ಅಲ್ಲ, ಸುಮ್ನೆ ಸಡಿಲವಾಗಿ ಇಳಿಬಿಟ್ಟ ಸ್ಯಾಟಿನ್. ಅಂಥ ಬಟ್ಟೆ ಯಾರ ಮೈಗೂ ಹೊಂದುತ್ತದೆ, ಹಳತೂ ಆಗುವುದಿಲ್ಲ. ವ್ಯಾಪಾರದ ಬುದ್ಧಿ ಅಂದರೆ ಇದು. ಆದರೆ ಒಂದು ಎಡವಟ್ಟಾಯಿತು. ಬಾರ್ಬರಾಳ ಅರೆನಿದ್ದೆಯ ಕಣ್ಣು ಎಲ್ಲ ಮುಖಕ್ಕೂ ಅಂಟಿಕೊಂಡಿತು. ಆಸ್ಥಾನದ ತರುಣಿಯರನ್ನು ಲೆಲಿ ಬರೆದ ಚಿತ್ರಗಳನ್ನು 1668ರಲ್ಲಿ ನೋಡಿದ ಪೀಪ್ಸ್, ಚೆನ್ನಾಗಿವೆ ಆದರೆ ಹೋಲುವುದಿಲ್ಲ ಅಂತ ಗೊಣಗಿದ್ದಾನೆ.

ಬಾರ್ಬರಾಳ ಬಗ್ಗೆ ಇನ್ನೊಂದು ಕಥೆ ಬಿಡಲು ಮನಸ್ಸಾಗುತ್ತಿಲ್ಲ. ಲೆಲಿ ಆಕೆಯನ್ನು ಮಗನ ಜೊತೆ ಮೇರಿ ಮಾತೆ ಮತ್ತು ಬಾಲಯೇಸುವಿನ ಹಾಗೆ ಬರೆದಿದ್ದ. ಆ ಮಗು ದೊರೆಗೆ ಹುಟ್ಟಿದ್ದು ಅಂತ ಎಲ್ಲರಿಗೂ ಗೊತ್ತು. ಅಂಥದೊಂದು ಚಿತ್ರ ಫ್ರಾನ್ಸಿನ ಸನ್ಯಾಸಿನಿಯರ ಮಠಕ್ಕೆ ಹೋಯಿತಂತೆ. ಪೂಜಾಸ್ಥಾನದಲ್ಲಿ ಎರಡು ವರ್ಷ ಇತ್ತಂತೆ. ಯಾರು ಅಂತ ತಿಳಿದ ಮೇಲೆ ವಾಪಸ್ ಕಳಿಸಿದರಂತೆ. 18ನೇ ಶತಮಾನದಲ್ಲಿ ಇಂಗ್ಲಿಷ್ ಲೇಖಕ ಹೋರೇಸ್ ವಾಲ್‌ಪೋಲ್ ಬರೆದಿಟ್ಟ ಮಾತು ಇದು, ಎಷ್ಟು ನಿಜವೋ.

ನಕಲಿನ ದುಡಿಮೆಯನ್ನು ಹತ್ತಿರದಿಂದ ತೋರಿಸುವುದು ಮೇರಿ ಬೀಲ್ ಎಂಬಾಕೆಯ ಮನೆಯ ಲೆಕ್ಕ. ಆಕೆ ಲಂಡನ್ನಿನಲ್ಲಿ ಚಿತ್ರ ಬರೆದೇ ಸಂಸಾರ ಸಾಗಿಸಿದವಳು. ಗಂಡ ಚಾರ್ಲ್ಸ್ ಬಣ್ಣ ಅರೆದು, ಕ್ಯಾನ್ವಾಸ್ ಹೊಂದಿಸಿ, ಬಂದ ಹಣವನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಿದ್ದ. ತಲೆಯಿಂದ ಭುಜದವರೆಗಿನ ಚಿತ್ರಕ್ಕೆ 5 ಪೌಂಡ್, ಸೊಂಟದವರೆಗೆ ಬೇಕಾದರೆ 10. ಅದೇ ಹೊತ್ತಿನಲ್ಲಿ ಲೆಲಿಯ ದರ 20 ಮತ್ತು 30. 1677ರಲ್ಲಿ ಆಕೆಗೆ 83 ಕೆಲಸ ಬಂದವು, 429 ಪೌಂಡ್ ಆಯಿತು. ದುಡ್ಡು ಉಳಿಸಲು ಗೋಣಿತಟ್ಟಿನಂಥ ಒರಟು ಬಟ್ಟೆಯ ಮೇಲೂ ಬರೆದು ನೋಡಿದ್ದಳು. ಲೆಲಿ ಈ ಮನೆಯ ಸ್ನೇಹಿತ. ಅವನಿಂದ ಚಿತ್ರ ಬರೆಸಿಕೊಂಡು, ಅವನು ಬರೆಯುವಾಗ ಪಕ್ಕದಲ್ಲೇ ನಿಂತು ನೋಡಿ ಆಕೆ ಅವನ ಕೈಚಳಕ ಕಲಿತಳು. 1680ರಲ್ಲಿ ಲೆಲಿ ತೀರಿಹೋದ. ಆಮೇಲೆ ಬೀಲ್‌ಗೆ ಹೊಟ್ಟೆ ಹೊರೆದದ್ದು ಬಹುಪಾಲು ಅವನ ಚಿತ್ರಗಳ ಪುಟ್ಟ ಪ್ರತಿಗಳೇ. ಅತ್ತ ಲೆಲಿಯ ಆಸ್ತಿ ನೋಡಿಕೊಂಡ ವಕೀಲ ರೋಜರ್ ನಾರ್ತ್, ಅರ್ಧಕ್ಕೆ ನಿಂತ ಚಿತ್ರಗಳನ್ನು ಸಹಾಯಕರಿಂದ ಮುಗಿಸಿ ಮಾರಾಟಕ್ಕಿಟ್ಟ. ಈಗ ಹೇಳಿ, ಅವುಗಳಲ್ಲಿ ಅಸಲು ಯಾವುದು, ನಕಲು ಯಾವುದು?

ಆ ಗೆರೆ ಗಟ್ಟಿಯಾಗಿದ್ದು ಮ್ಯೂಸಿಯಂಗಳು ಬಂದ ಮೇಲೆ. 1793ರಲ್ಲಿ ಪ್ಯಾರಿಸ್ಸಿನ ಲೂವ್ರ್ ತೆರೆದಾಗ ನಕಲು ಮಾಡುವವರಿಗೂ ಬಾಗಿಲು ತೆರೆಯಿತು. ಇಂದಿಗೂ ಅನುಮತಿ ಪಡೆದವರು ಅಲ್ಲಿ ಈಸೆಲ್, ಅಂದರೆ ಚಿತ್ರ ನಿಲ್ಲಿಸುವ ಸ್ಟ್ಯಾಂಡ್, ಇಟ್ಟು ಕೂರುತ್ತಾರೆ. ಆದರೆ ಪ್ರತಿಯ ಅಳತೆ ಮೂಲಕ್ಕಿಂತ ಐದನೇ ಒಂದು ಭಾಗ ಹೆಚ್ಚೋ ಕಡಿಮೆಯೋ ಇರಲೇಬೇಕು. ಮೂಲ ಚಿತ್ರಕಾರನ ಸಹಿ ಹಾಕುವಂತಿಲ್ಲ.

1989ರಲ್ಲಿ ಹಾಂಗ್‌ಕಾಂಗಿನ ವ್ಯಾಪಾರಿ ಹುವಾಂಗ್ ಜಿಯಾಂಗ್ ಚೀನಾದ ಶೆನ್‌ಜೆನ್ ಬಳಿಯ ದಾಫೆನ್ ಎಂಬ ಹಳ್ಳಿಯಲ್ಲಿ ಚಿತ್ರಕಾರರನ್ನು ಒಟ್ಟುಗೂಡಿಸಿ ಕೆಲಸ ಶುರುಮಾಡಿದ. ಅದು ಜಗತ್ತಿನ ನಕಲು ಚಿತ್ರಗಳ ದೊಡ್ಡ ಪೇಟೆಯಾಯಿತು. ಅಲ್ಲೂ ದೊಡ್ಡ ಆರ್ಡರ್ ಬಂದರೆ ಕೆಲಸ ಹಂಚಿಕೊಳ್ಳುತ್ತಾರೆ. ಲೆಲಿ ಬಂದು ನೋಡಿದ್ದರೆ ಅವನಿಗೇನೂ ಹೊಸದೆನಿಸುತ್ತಿರಲಿಲ್ಲ.

ನಿಜವಾಗಿ ಬದಲಾಗಿರುವುದು ಬೇರೆಯೇ. ಬೀಲ್ ಕಣ್ಣೆದುರು ಹೊಸ ಬಣ್ಣದ ಚಿತ್ರ ಇತ್ತು. ಇವತ್ತಿನವರ ಎದುರು ಇರೋದು ಫೋಟೊ, ಅದೂ ಮೂರೂವರೆ ಶತಮಾನ ಕಂಡ ಚಿತ್ರದ್ದು. ಕೆನ್ನೆಗೆ ಸವರಿದ್ದ, ಲೇಕ್ ಎಂಬ ಕೆಂಪು ಬಣ್ಣ ಬೆಳಕಿಗೆ ಮಾಸುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಅಗ್ಗದ ನೀಲಿಗೆ ಬಳಸುತ್ತಿದ್ದ ಸ್ಮಾಲ್ಟ್, ಅಂದರೆ ಕೋಬಾಲ್ಟ್ ಬೆರೆತ ಗಾಜಿನ ಪುಡಿ, ಎಣ್ಣೆಯಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಮೇಲಿನ ವಾರ್ನಿಷ್ ಹಳದಿಗೆ ತಿರುಗುತ್ತದೆ. ನಕಲು ಮಾಡುವವರು ಇದೆಲ್ಲವನ್ನೂ ನಿಷ್ಠೆಯಿಂದ ಬರೆಯುತ್ತಾರೆ. ಹಳದಿ ಕಮ್ಮಿ ಆದರೆ ಗಿರಾಕಿಗೇ ಹಳೇ ಕಳೆ ಇಲ್ಲ ಅನ್ನಿಸುತ್ತದೆ, ಅಲ್ವಾ? ಸ್ಯಾಟಿನ್ನಿನ ಹೊಳಪೂ ಹಾಗೇ. ಲೆಲಿಯ ಕಾಲದಲ್ಲಿ ಅದು ಸೀಸದ ಬಿಳಿಯಿಂದ ಬರುತ್ತಿತ್ತು. ಅದು ವಿಷ, ಹಾಗಾಗಿ ಈಗ ಹೆಚ್ಚಾಗಿ ಟೈಟೇನಿಯಂ ಬಿಳಿ. ಅದು ಹೆಚ್ಚು ಬೆಳ್ಳಗೆ, ಸ್ವಲ್ಪ ತಣ್ಣಗೆ ಕಾಣುತ್ತದೆ. ಬಟ್ಟೆಯ ಮಡಿಕೆ ಕೆಲವೊಮ್ಮೆ ಪ್ಲಾಸ್ಟಿಕ್ಕಿನ ಹಾಗೆ ಕಾಣುವುದಕ್ಕೆ ಇದೂ ಒಂದು ಕಾರಣ.

ಆರ್ಡರ್ ಮಾಡುವ ಮನಸ್ಸಿದ್ದರೆ ಯಾವ ಫೋಟೊ ನೋಡಿ ಬರೆಯುತ್ತೀರಿ ಅಂತ ಕೇಳಿ. ಮ್ಯೂಸಿಯಂ ಚಿತ್ರವನ್ನು ತೊಳೆದ ಮೇಲೆ ತೆಗೆದದ್ದೋ, ಮುಂಚಿನದೋ? ಎರಡರಲ್ಲಿ ಅದೇ ದೊರೆಸಾನಿ ಬೇರೆ ಬೇರೆ ಬಣ್ಣದ ಗೌನು ತೊಟ್ಟ ಹಾಗೆ ಕಂಡರೂ ಆಶ್ಚರ್ಯವಿಲ್ಲ.