2147483647: ಮೂವತ್ತೊಂದು ಒಂದುಗಳ ಅವಿಭಾಜ್ಯ ಸಂಖ್ಯೆ

2,14,74,83,647 ಅನ್ನು ಬೈನರಿಯಲ್ಲಿ, ಅಂದರೆ 0 ಮತ್ತು 1 ಎಂಬ ಎರಡೇ ಅಂಕೆಗಳಲ್ಲಿ, ಬರೆದರೆ ಸಾಲಾಗಿ 31 ಒಂದುಗಳು ನಿಲ್ಲುತ್ತವೆ. ಅಂದರೆ ಇದು 2³¹ − 1. ಎರಡರ ಘಾತಕ್ಕಿಂತ ಒಂದು ಕಡಿಮೆಯಿರುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳೆಂದು ಹೆಸರು. ಇದು ಅವುಗಳಲ್ಲಿ ಎಂಟನೆಯದು. ಘಾತಾಂಕ ಅವಿಭಾಜ್ಯವಾಗಿರಲೇಬೇಕು, ಆದರೆ ಅಷ್ಟೇ ಸಾಲದು. 11 ಅವಿಭಾಜ್ಯವೇ, ಆದರೂ 2¹¹ − 1 = 2047 = 23 × 89.

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ನಮ್ಮ ಸಂಖ್ಯೆಯ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗೆ 4,792 ಅವಿಭಾಜ್ಯಗಳಿವೆ. ಅಷ್ಟರಿಂದಲೂ ಕೈಯಲ್ಲಿ ಭಾಗಿಸುತ್ತ ಕೂರುವ ಕಷ್ಟವನ್ನು ಗಣಿತಜ್ಞ ಆಯ್ಲರ್ 1772ರ ಹೊತ್ತಿಗೇ ತಪ್ಪಿಸಿದ್ದ. q ಎಂಬ ಅವಿಭಾಜ್ಯ ಇದನ್ನು ಭಾಗಿಸುವುದಾದರೆ, q − 1 ಅನ್ನು 62 ಭಾಗಿಸಲೇಬೇಕು. ಜೊತೆಗೆ q ಅನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು. ಎರಡೂ ಷರತ್ತು ಕೂಡಿದರೆ q ಇರುವುದು 248k + 1 ಅಥವಾ 248k + 63 ಎಂಬ ರೂಪದಲ್ಲಿ ಮಾತ್ರ. 63 ಹೇಗೂ ಅವಿಭಾಜ್ಯವಲ್ಲ. ಅದನ್ನು ಬಿಟ್ಟರೆ ಉಳಿಯುವುದು 372 ಸಂಖ್ಯೆಗಳು, ಅವುಗಳಲ್ಲೂ ಬಹುಪಾಲು ಸಂಯುಕ್ತವೇ. ಒಂದೂ ನಿಶ್ಶೇಷವಾಗಿ ಭಾಗಿಸಲಿಲ್ಲ, ಪ್ರಶ್ನೆ ಮುಗಿಯಿತು.

ಭಾಗಾಕಾರವನ್ನೇ ಬಿಟ್ಟ ಲ್ಯೂಕಾಸ್–ಲೆಹ್ಮರ್ ಪರೀಕ್ಷೆ ನನ್ನ ಮಟ್ಟಿಗೆ ಇನ್ನೂ ಸೊಗಸು. 4ರಿಂದ ಶುರುಮಾಡಿ, ಪ್ರತಿ ಸಲ ವರ್ಗ ಮಾಡಿ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಶೇಷ ತೆಗೆಯಬೇಕು. ಬೆಸ ಅವಿಭಾಜ್ಯ ಘಾತಾಂಕ p ಆದರೆ, p − 2 ಹೆಜ್ಜೆಗಳ ಕೊನೆಗೆ ಸೊನ್ನೆ ಬಂದರೆ ಮಾತ್ರ ಅದು ಅವಿಭಾಜ್ಯ. 2⁵ − 1 = 31ಕ್ಕೆ ಮೂರೇ ಹೆಜ್ಜೆ: 14; ಆಮೇಲೆ 194, ಅದರ ಶೇಷ 8; ಆಮೇಲೆ 62, ಅದರ ಶೇಷ 0. ಶೇಷಕ್ಕೂ ಭಾಗಾಕಾರ ಬೇಡ. 194 ಬೈನರಿಯಲ್ಲಿ 11000010. ಬಲಗಡೆಯ ಐದು ಬಿಟ್‌ಗಳು (ಬೈನರಿ ಅಂಕೆಗಳು) 2, ಎಡಗಡೆ ಉಳಿದವು 6; ಕೂಡಿದರೆ 8. ನಮ್ಮ ಸಂಖ್ಯೆಗೆ ಇಂಥ 29 ಹೆಜ್ಜೆ ಸಾಕು.

ಕಂಪ್ಯೂಟರ್‌ನಲ್ಲಿ 32 ಬಿಟ್‌ನ ಚಿಹ್ನೆಸಹಿತ (ಧನ, ಋಣ ಎರಡನ್ನೂ ಹಿಡಿಸುವ) ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೂ ಇದೇ. ಅಲ್ಲೇ ಪ್ರೋಗ್ರಾಮರ್‌ಗಳು ಎಡವುವುದು. ಅವಿಭಾಜ್ಯ ಹೌದೋ ಅಲ್ಲವೋ ನೋಡಲು ‘ಭಾಜಕದ ವರ್ಗ ಸಂಖ್ಯೆಯನ್ನು ಮೀರುವ ತನಕ ಭಾಗಿಸುತ್ತಿರು’ ಎಂದು ಲೂಪ್ (ಮತ್ತೆ ಮತ್ತೆ ನಡೆಯುವ ಆದೇಶ) ಬರೆಯುವುದು ವಾಡಿಕೆ. ಆದರೆ 46,341ರ ವರ್ಗ 2,14,74,88,281. ಅದು ಆ ಜಾಗದಲ್ಲಿ ಹಿಡಿಸದು. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದು ಸುತ್ತು ಹೊಡೆದು −2,14,74,79,015 ಆಗುತ್ತದೆ. ಮೀರಲು ಮೇಲೆ ಬೇರೆ ಸಂಖ್ಯೆಯೇ ಇಲ್ಲವಾದ್ದರಿಂದ ಲೂಪ್ ನಿಲ್ಲುವುದಿಲ್ಲ. ಇನ್ನೂರು ಕೋಟಿಗೂ ಹೆಚ್ಚು ಸುತ್ತು ಓಡಿ, ಕೊನೆಗೆ ಭಾಜಕ 2147483647 ಆದಾಗ ತನ್ನನ್ನೇ ತಾನು ಭಾಗಿಸಿಕೊಂಡು ‘ಅವಿಭಾಜ್ಯವಲ್ಲ’ ಎಂದು ತೀರ್ಪು ಕೊಡುತ್ತದೆ! ವರ್ಗ ಮಾಡುವ ಬದಲು, ಸಂಖ್ಯೆಯನ್ನು ಭಾಜಕದಿಂದ ಭಾಗಿಸಿದ ಭಾಗಲಬ್ಧ ಭಾಜಕಕ್ಕಿಂತ ಚಿಕ್ಕದಾಯಿತೇ ಎಂದು ನೋಡಿದರೆ, ಅಥವಾ ವರ್ಗವನ್ನು 64 ಬಿಟ್‌ನಲ್ಲಿ ಲೆಕ್ಕಹಾಕಿದರೆ ಈ ತೊಂದರೆಯಿಲ್ಲ.